ಗರ್ಭಕೋಶದ ಒಳಪದರ ಓದಿದವರು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗಿ ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಸಾಗರ ತಾಲ್ಲೂಕಿನ ಕರೂರು ಸೀಮೆ ನೀರಿನ ಆಚೆ ಉಳಿಯಿತು. ಗದ್ದೆ, ತೋಟ, ಮನೆ, 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಎಲ್ಲವೂ ಅದೇ ನೀರಿನಡಿ ಹೋದವು. ತುಮರಿ, ಬ್ಯಾಕೋಡಿನವರು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕೆಂದರೆ ಹೊಳೆಬಾಗಿಲಿಗೆ ಬಂದು ಲಾಂಚ್ ಕಾಯಬೇಕಿತ್ತು, ಇಲ್ಲವೇ ನಿಟ್ಟೂರಿನ ಮೇಲೆ ಹೊಸನಗರಕ್ಕೆ ಹೋಗಿ ಸುತ್ತಿಬಳಸಿ ಬರಬೇಕಿತ್ತು. ಸಂಜೆ ಕೊನೆಯ ಲಾಂಚ್ ಹೋಯಿತೆಂದರೆ ಬೆಳಗಾಗುವವರೆಗೆ ಈ ದಡದವರು ಈ ದಡದಲ್ಲೇ ಉಳಿಯಬೇಕಿತ್ತು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಹಾವು ಕಚ್ಚಿದವರನ್ನು, ಹೆರಿಗೆ ನೋವು ಶುರುವಾದವರನ್ನು ಕರೆದುಕೊಂಡು ದಡದಲ್ಲಿ ನಿಂತ ರಾತ್ರಿಗಳ ಕತೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಪತ್ರಿಕೆಗಳಲ್ಲೂ ಬಂದಿದೆ. ಯಾರೂ ಬರೆಯದೆ ಬಿಟ್ಟದ್ದು ಬೇರೆ ಬಗೆಯ ರೋಗಿಗಳ ಕತೆ. ಅವಸರವಿಲ್ಲದ, ನೋವೂ ಇಲ್ಲದ, ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಲಾಗದ ಕಾಯಿಲೆಯವರ ಕತೆ.

ಮುಟ್ಟು ನಿಂತು ಐದಾರು ವರ್ಷವಾದ ಹೆಂಗಸಿಗೆ ಒಂದು ದಿನ ಬಟ್ಟೆಯಲ್ಲಿ ಕೆಂಪು ಕಾಣುತ್ತದೆ. ಉಷ್ಣವಾಗಿರಬೇಕು ಎಂದುಕೊಂಡು ಎಳನೀರು ಕುಡಿಯುತ್ತಾಳೆ. ಎರಡು ದಿನಕ್ಕೆ ನಿಲ್ಲುತ್ತದೆ. ಗಂಡನಿಗೆ ಹೇಳುವ ಮಾತಲ್ಲ, ಮಗಳಿಗೆ ಹೇಳಲು ಸಂಕೋಚ. ಮತ್ತೆ ಕಾಣಿಸಿಕೊಂಡು, ಮತ್ತೆ ನಿಂತು, ಕೊನೆಗೊಮ್ಮೆ ಆಸ್ಪತ್ರೆಗೆ ಹೋದಾಗ ಡಾಕ್ಟರು "ಯಾವಾಗಿಂದ ಹೀಗೆ, ಅಮ್ಮಾ?" ಎಂದು ಕೇಳಿದರೆ ಅವಳ ಬಾಯಲ್ಲಿ ತಾರೀಕು ಬರುವುದಿಲ್ಲ. "ಕೊನೆಕೊಯ್ಲಿನ ಹೊತ್ತಿಗೆ ಒಂದ್ಸಲ ಆಗಿತ್ತು, ಯುಗಾದಿ ಕಳೆದ ಮೇಲೆ ಮತ್ತೆ" ಎಂಬ ಉತ್ತರ ಬರುತ್ತದೆ. ನಡುವೆ ತಿಂಗಳುಗಳೇ ಕಳೆದಿರುತ್ತವೆ. ಮುಟ್ಟು ನಿಂತ ಮೇಲೆ ರಕ್ತ ಕಂಡ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಬೇರೆ ಸಣ್ಣಪುಟ್ಟ ಕಾರಣ. ಆ ಒಬ್ಬರು ಯಾರೆಂದು ತಿಳಿಯಲು ಒಳಪದರದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಡಿ ಇಡದೆ ಗತ್ಯಂತರವಿಲ್ಲ. ಆ ಚೂರನ್ನು ಓದಲು ವೈದ್ಯಲೋಕ ಕಲಿತದ್ದು ಹೇಗೆ, ಆ ಓದು ಹಿನ್ನೀರಿನ ಆಚೆಯ ಹೆಂಗಸಿನವರೆಗೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದೇ ಈ ಲೇಖನದ ವಿಷಯ.

ಮೊದಲು ತಿಳಿಯಬೇಕಾಗಿದ್ದು ರೋಗವನ್ನಲ್ಲ, ಆರೋಗ್ಯವನ್ನು. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಯುರೋಪಿನ ವೈದ್ಯರು ಗರ್ಭಕೋಶದಿಂದ ಕೆರೆದು ತೆಗೆದ ಪದರವನ್ನು ನೋಡಿ ಬಗೆಬಗೆಯ ಉರಿಯೂತದ ಹೆಸರು ಬರೆಯುತ್ತಿದ್ದರು. ಒಬ್ಬಳಲ್ಲಿ ಗ್ರಂಥಿಗಳು ನೇರವಾಗಿ ಸಣ್ಣಗಿದ್ದರೆ ಇನ್ನೊಬ್ಬಳಲ್ಲಿ ಸುರುಳಿ ಸುತ್ತಿ ಉಬ್ಬಿರುತ್ತಿದ್ದವು. ಉಬ್ಬಿದ್ದೆಲ್ಲ ರೋಗವೆಂದು ಅವರ ಲೆಕ್ಕ. 1908ರಲ್ಲಿ ವಿಯೆನ್ನಾದ ಫ್ರಿಟ್ಸ್ ಹಿಚ್‌ಮನ್ ಮತ್ತು ಲುಡ್ವಿಗ್ ಆಡ್ಲರ್ ಒಂದು ಸರಳ ಕೆಲಸ ಮಾಡಿದರು. ಚೂರು ತೆಗೆದ ದಿನ ಆ ಹೆಂಗಸಿನ ಮುಟ್ಟಿನ ಎಷ್ಟನೆಯ ದಿನ ಎಂದು ಕೇಳಿ ಬರೆದುಕೊಂಡರು. ಆಗ ತಿಳಿಯಿತು, ರೋಗವೆಂದು ಕರೆದದ್ದರಲ್ಲಿ ಬಹುಪಾಲು ತಿಂಗಳು ತಿಂಗಳೂ ಆಗಿಯೇ ಆಗುವ ಸಹಜ ಬದಲಾವಣೆ. ಅಷ್ಟು ವರ್ಷ ಎಷ್ಟು ಹೆಂಗಸರು ಇಲ್ಲದ ಕಾಯಿಲೆಗೆ ಚಿಕಿತ್ಸೆ ಪಡೆದರೋ! ದಿನ ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ ಎಂಬುದು ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ.

ಈ ತಿಂಗಳ ಬದಲಾವಣೆಯನ್ನು ನಡೆಸುವವರು ಯಾರು ಎಂಬುದು ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಗೊತ್ತಾಯಿತು. 1923ರಲ್ಲಿ ಅಮೆರಿಕದ ಎಡ್ಗರ್ ಆಲನ್ ಮತ್ತು ಎಡ್ವರ್ಡ್ ಡಾಯ್ಸಿ ಅಂಡಾಶಯದ ರಸವನ್ನು ಇಲಿಗಳಿಗೆ ಕೊಟ್ಟು ಅದರ ಪರಿಣಾಮ ಅಳೆಯುವ ದಾರಿ ಕಂಡುಕೊಂಡರು. 1929ರಲ್ಲಿ ಡಾಯ್ಸಿ ಅಮೆರಿಕದಲ್ಲಿ, ಅಡಾಲ್ಫ್ ಬುಟೆನಾಂಟ್ ಜರ್ಮನಿಯಲ್ಲಿ ಮೊದಲ ಈಸ್ಟ್ರೋಜನ್ನನ್ನು ಗರ್ಭಿಣಿಯರ ಮೂತ್ರದಿಂದ ಬೇರ್ಪಡಿಸಿದರು. ಅದೇ ವರ್ಷ ಜಾರ್ಜ್ ಕಾರ್ನರ್ ಮತ್ತು ವಿಲ್ಲಾರ್ಡ್ ಆಲನ್ ಅಂಡಾಶಯದಲ್ಲಿ ಇನ್ನೊಂದು ಹಾರ್ಮೋನ್ ಇದೆಯೆಂದು ತೋರಿಸಿದರು. 1934ರಲ್ಲಿ ಆ ಪ್ರೊಜೆಸ್ಟರಾನ್ ಕೈಗೆ ಸಿಕ್ಕಿತು. ಬುಟೆನಾಂಟ್ 50,000 ಹೆಣ್ಣುಹಂದಿಗಳ ಅಂಡಾಶಯ ಅರೆದು ಪಡೆದದ್ದು 20 ಮಿಲಿಗ್ರಾಂ ಮಾತ್ರ. ಈಸ್ಟ್ರೋಜನ್ ಒಳಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟರಾನ್ ಆ ಬೆಳೆತಕ್ಕೆ ತಡೆ ಹಾಕಿ ಪದರವನ್ನು ಹದಕ್ಕೆ ತಂದು ನಿಲ್ಲಿಸುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಇಳಿದು ಪದರ ಕಳಚಿ ಹೋಗುತ್ತದೆ. ಬೆಳೆಸುವುದು ಮಾತ್ರ ಇದ್ದು ತಡೆಯುವುದು ಇಲ್ಲದೆ ವರ್ಷಗಟ್ಟಲೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಆಮೇಲೆ ಬಂತು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು.

ಇದೇ ಹೊತ್ತಿಗೆ ಇನ್ನೊಂದು ಕಡೆ ಗಡ್ಡೆಗಳಿಗೆ ದರ್ಜೆ ಕೊಡುವ ಕೆಲಸ ಶುರುವಾಗಿತ್ತು. ಮೇಯೊ ಕ್ಲಿನಿಕ್‌ನ ಆಲ್ಬರ್ಟ್ ಬ್ರೋಡರ್ಸ್ 1920ರಲ್ಲಿ ತುಟಿಯ ಕ್ಯಾನ್ಸರನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಸಾಗರದ ಮಂಡಿಯಲ್ಲಿ ಪಳಗಿದ ಕೈ ಒಂದು ಹಿಡಿ ಅಡಿಕೆ ತೆಗೆದು ನೋಡಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಹೇಳಿಬಿಡುತ್ತದಲ್ಲ, ಹಾಗೆ ಕಣ್ಣಿನ ಅಂದಾಜಿನಲ್ಲೇ ನಡೆಯುತ್ತಿದ್ದ ಕೆಲಸಕ್ಕೆ ಅವರು ಒಂದು ಅಳತೆ ತಂದರು. ಗಡ್ಡೆಯ ಜೀವಕೋಶಗಳಲ್ಲಿ ಎಷ್ಟು ಪಾಲು ಹುಟ್ಟಿದ ಜಾಗದ ಚಹರೆ ಉಳಿಸಿಕೊಂಡಿವೆ, ಎಷ್ಟು ಕಳೆದುಕೊಂಡಿವೆ ಎಂದು ನೋಡುವುದು. ಚಹರೆ ಹೆಚ್ಚು ಉಳಿದಿದ್ದರೆ ರೋಗಿಗಳು ಹೆಚ್ಚು ಕಾಲ ಬದುಕುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅದೇ ಅಳತೆ ಗರ್ಭಕೋಶದ ಕ್ಯಾನ್ಸರಿಗೂ ಬಂತು. ಇವತ್ತಿನ ವರದಿಗಳಲ್ಲಿ ಕಾಣುವ ಗ್ರೇಡ್ 1, 2, 3ರ ಮೂಲ ಇದು. ಸ್ತ್ರೀರೋಗತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೊ 1988ರಲ್ಲಿ ಅದಕ್ಕೆ ಖಚಿತ ಗೆರೆ ಹಾಕಿತು: ಗ್ರಂಥಿಯ ಆಕಾರ ಬಿಟ್ಟು ಗಟ್ಟಿ ಮುದ್ದೆಯಾಗಿ ಬೆಳೆದ ಭಾಗ ಶೇ. 5ರೊಳಗಿದ್ದರೆ ಗ್ರೇಡ್ 1, ಶೇ. 6ರಿಂದ 50ರವರೆಗೆ ಗ್ರೇಡ್ 2, ಅದಕ್ಕೂ ಹೆಚ್ಚಿದ್ದರೆ ಗ್ರೇಡ್ 3. ಜೀವಕೋಶದ ನಡುವಿನ ಕೇಂದ್ರಗಳು ತೀರಾ ವಿಕಾರವಾಗಿ ಕಂಡರೆ ಒಂದು ದರ್ಜೆ ಏರಿಸಬೇಕು.

ದರ್ಜೆ ಹೇಳುವುದು ಗಡ್ಡೆಯ ಮುಖವನ್ನು. ಅದರ ಕಿವಿಯ ಸಂಗತಿ, ಅಂದರೆ ಹಾರ್ಮೋನಿನ ಮಾತು ಅದಕ್ಕೆ ಕೇಳಿಸುತ್ತದೆಯೇ ಎಂಬುದನ್ನು ತಿಳಿಯಲು ಇನ್ನೊಂದು ದಾರಿ ಬೇಕಾಯಿತು.

1950ರ ದಶಕದಲ್ಲಿ, ಲಿಂಗನಮಕ್ಕಿಯ ಮುಳುಗಡೆಗೆ ಇಲ್ಲಿ ಭೂಮಿಯ ಅಳತೆ ನಡೆಯುತ್ತಿದ್ದ ಕಾಲದಲ್ಲಿ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಎಲ್ವುಡ್ ಜೆನ್ಸೆನ್ ಎಂಬ ರಸಾಯನಶಾಸ್ತ್ರಜ್ಞ ಒಂದು ಪ್ರಶ್ನೆಗೆ ಕೈಹಾಕಿದರು. ರಕ್ತದಲ್ಲಿ ಈಸ್ಟ್ರೋಜನ್ ಮೈಯೆಲ್ಲ ಹರಿಯುತ್ತದೆ. ಆದರೂ ಗರ್ಭಕೋಶ ಮಾತ್ರ ಬೆಳೆಯುತ್ತದೆ, ತೋಳಿನ ಸ್ನಾಯು ಬೆಳೆಯುವುದಿಲ್ಲ. ಏಕೆ? ಹಾರ್ಮೋನನ್ನು ಕಿಣ್ವಗಳು ಬದಲಾಯಿಸುವುದರಿಂದ ಅದು ಕೆಲಸ ಮಾಡುತ್ತದೆ ಎಂಬುದು ಅಂದಿನ ಎಲ್ಲರ ನಂಬಿಕೆ. ಎಲ್ಲರೂ ಆ ಕಿಣ್ವ ಹುಡುಕುತ್ತಿದ್ದರು. ಜೆನ್ಸೆನ್ 1947ರಲ್ಲಿ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರ ಹತ್ತಿದ್ದವರು. ಆ ಶಿಖರವನ್ನು ಮೊದಲು ಗೆದ್ದ ಎಡ್ವರ್ಡ್ ವಿಂಪರ್ ಇಟಲಿಯ ಕಡೆಯಿಂದ ಮತ್ತೆ ಮತ್ತೆ ಹತ್ತಲು ಹೋಗಿ ಸೋತು, 1865ರಲ್ಲಿ ಸ್ವಿಟ್ಜರ್ಲೆಂಡ್ ಕಡೆಯ ದಾರಿ ಹಿಡಿದು ತುದಿ ಮುಟ್ಟಿದ್ದ. ತನ್ನ ಪ್ರಯೋಗಕ್ಕೆ ಅದೇ ಸ್ಫೂರ್ತಿ ಎಂದು ಜೆನ್ಸೆನ್ ಮುಂದೆ ಹೇಳಿಕೊಳ್ಳುತ್ತಿದ್ದರು. ಹಾರ್ಮೋನ್ ಅಂಗಾಂಶಕ್ಕೆ ಏನು ಮಾಡುತ್ತದೆ ಎಂದು ಕೇಳುವ ಬದಲು, ಅಂಗಾಂಶ ಹಾರ್ಮೋನಿಗೆ ಏನು ಮಾಡುತ್ತದೆ ಎಂದು ಅವರು ಕೇಳಿದರು.

ಅದಕ್ಕೆ ಹಾರ್ಮೋನನ್ನು ಹಿಂಬಾಲಿಸಿ ಹೋಗುವ ಉಪಾಯ ಬೇಕಿತ್ತು. ಜೆನ್ಸೆನ್ ಮತ್ತು ಹರ್ಬರ್ಟ್ ಜೇಕಬ್ಸನ್ ಈಸ್ಟ್ರೋಜನ್ನಿಗೆ ವಿಕಿರಣ ಸೂಸುವ ಟ್ರಿಟಿಯಂ ಸೇರಿಸಿದರು. ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣಿಲಿಗಳಿಗೆ ಅದನ್ನು ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚಿ ಗಂಟೆ ಗಂಟೆಗೆ ಅಂಗಗಳಲ್ಲಿ ಎಷ್ಟು ಉಳಿದಿದೆ ಎಂದು ಅಳೆದರು. ರಕ್ತ, ಸ್ನಾಯು ಬೇಗ ಬಿಟ್ಟುಕೊಟ್ಟವು. ಗರ್ಭಕೋಶ ಬಿಡಲಿಲ್ಲ. ತನ್ನೊಳಗೆ ಎಳೆದುಕೊಂಡು, ಒಂಚೂರೂ ಬದಲಾಯಿಸದೆ, ಹಾಗೆಯೇ ಹಿಡಿದುಕೊಂಡಿತು. ಅಂದರೆ ಅಲ್ಲಿ ಅದನ್ನು ಹಿಡಿಯುವ ಏನೋ ಒಂದು ಇದೆ. ಅದೇ ಈಸ್ಟ್ರೋಜನ್ ರಿಸೆಪ್ಟರ್. 1958ರಲ್ಲಿ ವಿಯೆನ್ನಾದ ಜೀವರಸಾಯನ ಸಮ್ಮೇಳನದಲ್ಲಿ ಜೆನ್ಸೆನ್ ಇದನ್ನು ಹೇಳಿದಾಗ ಕೇಳಲು ಕೂತಿದ್ದವರು ಐದು ಜನ, ಅವರಲ್ಲಿ ಮೂವರು ಅಲ್ಲೇ ಮಾತಾಡಬೇಕಿದ್ದವರು. ಹಳೆಯ ಕಿಣ್ವ ಸಿದ್ಧಾಂತದ ಸಭೆ ಅದೇ ಹೊತ್ತಿಗೆ ಬೇರೆ ಕಡೆ ಸಾವಿರ ಜನ ತುಂಬಿ ನಡೆಯುತ್ತಿತ್ತು. 1966ರಲ್ಲಿ ಡೇವಿಡ್ ಟಾಫ್ಟ್ ಮತ್ತು ಜಾಕ್ ಗೋರ್ಸ್ಕಿ ಆ ರಿಸೆಪ್ಟರನ್ನು ಇಲಿಯ ಗರ್ಭಕೋಶದಿಂದಲೇ ಬೇರ್ಪಡಿಸಿ ತೋರಿಸಿದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಇಂದು ಸ್ತನ ಕ್ಯಾನ್ಸರ್ ಎಂದೊಡನೆ ರಿಸೆಪ್ಟರ್ ಪರೀಕ್ಷೆಯ ಮಾತು ಬರುತ್ತದೆ. ಆ ವಿದ್ಯೆ ಹುಟ್ಟಿದ್ದು ಗರ್ಭಕೋಶದಲ್ಲಿ ಎಂಬುದನ್ನು ನೆನೆಯುವವರು ಕಡಿಮೆ.

ಇತ್ತ ಚಿಕಿತ್ಸೆ ಮಾಡುವವರು ವಿಜ್ಞಾನಕ್ಕಾಗಿ ಕಾಯಲಿಲ್ಲ. ಮೆಕ್ಸಿಕೋದ ಕಾಡುಗೆಣಸಿನಿಂದ ಪ್ರೊಜೆಸ್ಟರಾನ್ ತಯಾರಿಸುವ ವಿಧಾನವನ್ನು ರಸೆಲ್ ಮಾರ್ಕರ್ 1940ರ ದಶಕದಲ್ಲಿ ಕಂಡುಹಿಡಿದಿದ್ದರಿಂದ ಹಂದಿಗಳ ಅಂಡಾಶಯ ಅರೆಯುವ ಕಾಲ ಹೋಗಿ ಔಷಧಿ ಧಾರಾಳವಾಗಿ ಸಿಗತೊಡಗಿತ್ತು. ಬೋಸ್ಟನ್ನಿನ ರೀಟಾ ಕೆಲ್ಲಿ ಮತ್ತು ವಿಲಿಯಂ ಬೇಕರ್ ಗರ್ಭಕೋಶದ ಕ್ಯಾನ್ಸರ್ ಮೈಗೆಲ್ಲ ಹರಡಿ ಇನ್ನೇನೂ ಉಳಿದಿಲ್ಲ ಎಂದಾಗಿದ್ದ ಹೆಂಗಸರಿಗೆ ಅದೇ ಗುಂಪಿನ ಔಷಧಿ ಕೊಟ್ಟು ನೋಡಿದರು. 1961ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇಡೀ ವೈದ್ಯಲೋಕವನ್ನು ತಿರುಗಿ ನೋಡಿಸಿತು. ಸುಮಾರು ಮೂರರಲ್ಲಿ ಒಬ್ಬಳ ಗಡ್ಡೆ ಕುಗ್ಗಿತ್ತು; ಶ್ವಾಸಕೋಶದಲ್ಲಿ ಕಾಣುತ್ತಿದ್ದ ಉಂಡೆಗಳೂ ಎಕ್ಸ್‌ರೇಯಲ್ಲಿ ಮಾಯವಾಗಿದ್ದವು. ಉಳಿದಿಬ್ಬರಿಗೆ ಏನೂ ಆಗಲಿಲ್ಲ. ಕುಗ್ಗಿದ್ದು ಹೆಚ್ಚಾಗಿ ಚಹರೆ ಉಳಿಸಿಕೊಂಡಿದ್ದ, ನಿಧಾನಕ್ಕೆ ಬೆಳೆಯುವ ಗಡ್ಡೆಗಳು. ಕಾರಣ ಆಗ ಯಾರಿಗೂ ಗೊತ್ತಿರಲಿಲ್ಲ.

ಕಾರಣ ಬಿಡಿಸಿದ್ದು 1970ರ ದಶಕ. ಈಸ್ಟ್ರೋಜನ್ ತನ್ನ ರಿಸೆಪ್ಟರಿನ ಮೂಲಕ ಜೀವಕೋಶದಲ್ಲಿ ಮಾಡಿಸುವ ಕೆಲಸಗಳಲ್ಲಿ ಪ್ರೊಜೆಸ್ಟರಾನ್ ರಿಸೆಪ್ಟರ್ ತಯಾರಿಸುವುದೂ ಒಂದು. ಆದ್ದರಿಂದ ಪ್ರೊಜೆಸ್ಟರಾನ್ ರಿಸೆಪ್ಟರ್ ಇದೆಯೆಂದರೆ ಈಸ್ಟ್ರೋಜನ್ ರಿಸೆಪ್ಟರ್ ಇರುವುದಷ್ಟೇ ಅಲ್ಲ, ಕೆಲಸವನ್ನೂ ಮಾಡುತ್ತಿದೆ ಎಂದರ್ಥ. ಕ್ಯಾಥರಿನ್ ಹಾರ್ವಿಟ್ಸ್ ಮತ್ತು ವಿಲಿಯಂ ಮೆಗ್ವಾಯರ್ 1975ರಲ್ಲಿ ಸ್ತನದ ಗಡ್ಡೆಗಳಿಗಾಗಿ ಹೇಳಿದ ಈ ಮಾತು ಗರ್ಭಕೋಶಕ್ಕೂ ಹೊಂದಿತು. ಗ್ರೇಡ್ 1ರ ಗಡ್ಡೆಗಳಲ್ಲಿ ಎರಡೂ ರಿಸೆಪ್ಟರ್ ತುಂಬಿರುತ್ತವೆ. ದರ್ಜೆ ಏರಿದಂತೆ ಕಡಿಮೆಯಾಗುತ್ತ ಹೋಗಿ ಗ್ರೇಡ್ 3ರಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಮುಖ ಮರೆತ ಗಡ್ಡೆ ಕಿವಿಯನ್ನೂ ಕಳೆದುಕೊಂಡಿರುತ್ತದೆ. ಅದಕ್ಕೆ ಎಷ್ಟು ಪ್ರೊಜೆಸ್ಟರಾನ್ ಕೊಟ್ಟರೂ ನಾಟುವುದಿಲ್ಲ. 1999ರಲ್ಲಿ ಅಮೆರಿಕದಲ್ಲಿ ಟೇಟ್ ಥಿಗ್‌ಪೆನ್ ತಂಡ ಸುಮಾರು 300 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿದಾಗ ಈ ಏಣಿ ಅಂಕಿಗಳಲ್ಲೇ ಕಂಡಿತು: ಆ ಗುಂಪಿನ ಮಾತ್ರೆಗೆ ಗಡ್ಡೆ ಕುಗ್ಗಿದ್ದು ಗ್ರೇಡ್ 1ರಲ್ಲಿ ಶೇ. 37, ಗ್ರೇಡ್ 2ರಲ್ಲಿ ಶೇ. 23, ಗ್ರೇಡ್ 3ರಲ್ಲಿ ಶೇ. 9 ಮಂದಿಗೆ. ಪ್ರೊಜೆಸ್ಟರಾನ್ ರಿಸೆಪ್ಟರ್ ಇದ್ದವರಲ್ಲಿ ಶೇ. 37, ಇಲ್ಲದವರಲ್ಲಿ ಶೇ. 8. ದಿನಕ್ಕೆ 1000 ಮಿಲಿಗ್ರಾಂ ಕೊಟ್ಟದ್ದಕ್ಕಿಂತ 200 ಮಿಲಿಗ್ರಾಂ ಕೊಟ್ಟದ್ದೇ ವಾಸಿ ಎನಿಸಿತು. ಕೇಳುವ ಗಡ್ಡೆಗೆ ಸ್ವಲ್ಪ ಸಾಕು, ಕೇಳದ್ದಕ್ಕೆ ಎಷ್ಟು ಕೊಟ್ಟರೂ ಅಷ್ಟೇ.

ಇಷ್ಟು ತಿಳಿದ ಮೇಲೂ ತುಮರಿಯಂಥ ಊರಿನ ಹೆಂಗಸಿಗೆ ಇದರಿಂದ ಏನೂ ಸಿಗಲಿಲ್ಲ. ಅದಕ್ಕೆ ಬಡತನ, ದಾರಿಯಿಲ್ಲದ್ದು ಮಾತ್ರ ಕಾರಣವಲ್ಲ, ಪರೀಕ್ಷೆಯೇ ಹಾಗಿತ್ತು. ರಿಸೆಪ್ಟರ್ ಅಳೆಯಲು ಗಡ್ಡೆಯ ತಾಜಾ ತುಂಡು ಬೇಕು. ಶಸ್ತ್ರಚಿಕಿತ್ಸೆ ಮಾಡಿದ ಕೂಡಲೇ, ನಿಮಿಷಗಳ ಒಳಗೆ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು. ಆಮೇಲೆ ಅದನ್ನು ಪುಡಿಮಾಡಿ, ವಿಕಿರಣದ ಗುರುತು ಹಾಕಿದ ಹಾರ್ಮೋನಿನ ಜೊತೆ ಬೆರೆಸಿ ಲೆಕ್ಕ ಹಾಕಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಇದ್ದದ್ದು ತುಂಡು ಕೆಡದಂತೆ ಇಡುವ ಫಾರ್ಮಲಿನ್ ತುಂಬಿದ ಬಾಟಲಿ. ಫಾರ್ಮಲಿನ್ನಿಗೆ ಬಿದ್ದ ತುಂಡಿನಲ್ಲಿ ದರ್ಜೆ ನೋಡಬಹುದಿತ್ತು, ರಿಸೆಪ್ಟರ್ ಅಳೆಯುವಂತಿರಲಿಲ್ಲ. ಹೀಗಾಗಿ 1970, 80ರ ದಶಕಗಳಲ್ಲಿ ಈ ಜ್ಞಾನ ದೊಡ್ಡ ಪ್ರಯೋಗಾಲಯದ ಪಕ್ಕದಲ್ಲೇ ಶಸ್ತ್ರಚಿಕಿತ್ಸೆಯಾದ ಹೆಂಗಸರ ಪಾಲಿಗೆ ಮಾತ್ರ ಇತ್ತು.

ಈ ಬೇಲಿ ಎರಡು ಹೆಜ್ಜೆಯಲ್ಲಿ ಮುರಿಯಿತು. 1980ರಲ್ಲಿ ಜೆನ್ಸೆನ್ ಪ್ರಯೋಗಾಲಯದ ಜೆಫ್ರಿ ಗ್ರೀನ್ ಮನುಷ್ಯರ ಈಸ್ಟ್ರೋಜನ್ ರಿಸೆಪ್ಟರನ್ನು ಮಾತ್ರ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸಿದರು. ಪುಡಿಮಾಡಿ ಅಳೆಯುವ ಬದಲು ಗಡ್ಡೆಯ ಹಾಳೆಯ ಮೇಲೇ ರಿಸೆಪ್ಟರನ್ನು ಬಣ್ಣದಲ್ಲಿ ನೋಡುವ ದಾರಿ ತೆರೆಯಿತು. ಆದರೂ ಫಾರ್ಮಲಿನ್ ಅಡ್ಡಿ ಉಳಿದಿತ್ತು. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಪ್ರತಿಕಾಯಕ್ಕೆ ಸಿಗದಂತೆ ಮುಚ್ಚಿಬಿಡುತ್ತದೆ. 1991ರಲ್ಲಿ ಶಾನ್‌ರಾಂಗ್ ಶೀ ಮತ್ತು ಜೊತೆಯವರು ಆ ಗಂಟು ಬಿಡಿಸಿದರು. ಸ್ಲೈಡನ್ನು ದ್ರಾವಣದಲ್ಲಿಟ್ಟು ಮೈಕ್ರೋವೇವ್ ಒಲೆಯಲ್ಲಿ ಚೆನ್ನಾಗಿ ಕಾಯಿಸುವುದು! ಅಷ್ಟರಿಂದ ಮುಚ್ಚಿಹೋದದ್ದು ತೆರೆದುಕೊಂಡಿತು. ಇಡೀ ಈ ಚರಿತ್ರೆಯಲ್ಲಿ ಹಳ್ಳಿಯ ಹೆಂಗಸಿಗೆ ಅತಿ ಹೆಚ್ಚು ಉಪಕಾರ ಮಾಡಿದ ಶೋಧ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇದಕ್ಕೆ ದೊಡ್ಡ ಪ್ರಶಸ್ತಿಯ ಮೆರವಣಿಗೆ ನಡೆಯಲಿಲ್ಲ.

ಇವತ್ತು ಪ್ಯಾಥಾಲಜಿ ವಿಭಾಗದಲ್ಲಿ ಆ ಕೆಲಸ ನಡೆಯುವುದನ್ನು ನೋಡಬೇಕು. ಫಾರ್ಮಲಿನ್ ಡಬ್ಬಿಯಿಂದ ಗರ್ಭಕೋಶ ತೆಗೆದು ಹಲಗೆಯ ಮೇಲಿಟ್ಟು ಉದ್ದಕ್ಕೆ ಸೀಳುತ್ತಾರೆ. ಆರೋಗ್ಯವಂತ ಒಳಪದರ ತೆಳ್ಳಗೆ ನುಣುಪಾಗಿರುತ್ತದೆ. ಗಡ್ಡೆಯಿದ್ದರೆ ಬೆಳ್ಳಗೆ, ಪುಡಿಪುಡಿಯಾಗಿ ಎದ್ದಿರುತ್ತದೆ. ಸ್ನಾಯುವಿನೊಳಗೆ ಎಷ್ಟು ಆಳ ಇಳಿದಿದೆ ಎಂದು ಅಳೆದು, ಉಗುರಿನಷ್ಟಗಲದ ತುಂಡುಗಳನ್ನು ಪ್ಲಾಸ್ಟಿಕ್ ಡಬ್ಬಿಗಳಿಗೆ ಹಾಕುತ್ತಾರೆ. ರಾತ್ರಿಯೆಲ್ಲ ಯಂತ್ರ ಅದರ ನೀರು ತೆಗೆದು ಮೇಣ ತುಂಬುತ್ತದೆ. ಬೆಳಗ್ಗೆ ಆ ಮೇಣದ ಬ್ಲಾಕನ್ನು ಮೈಕ್ರೋಟೋಮಿನಲ್ಲಿ ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆದರೆ ಪಟ್ಟಿಯಂತೆ ಹೊರಬರುತ್ತದೆ. ಬಿಸಿನೀರಿನ ಮೇಲೆ ತೇಲಬಿಟ್ಟು ಗಾಜಿನ ಮೇಲೆ ಹಿಡಿಯುತ್ತಾರೆ. ಮೊದಲ ಸ್ಲೈಡಿಗೆ ನೀಲಿ ಗುಲಾಬಿ ಬಣ್ಣ: ದರ್ಜೆ ಹೇಳಲು ಅದು. ಮುಂದಿನ ಸ್ಲೈಡುಗಳಿಗೆ ಪ್ರತಿಕಾಯ. ರಿಸೆಪ್ಟರ್ ಇದ್ದ ಕಡೆ ಜೀವಕೋಶಗಳ ಕೇಂದ್ರ ಕಂದುಬಣ್ಣಕ್ಕೆ ತಿರುಗುತ್ತದೆ, ಇಲ್ಲದ ಕಡೆ ಬರೀ ನೀಲಿ. ಶೇಕಡಾ ಎಷ್ಟು ಕಂದು, ಎಷ್ಟು ಗಾಢ ಎಂದು ಎಣಿಸಿ ಬರೆಯುತ್ತಾರೆ. ಬ್ಲಾಕ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ತಣ್ಣಗಿಡಬೇಕಿಲ್ಲ, ಕೆಡುವುದಿಲ್ಲ, ಕವರಿನಲ್ಲಿ ಹಾಕಿ ಬಸ್ಸಿನಲ್ಲಿ ಕೊಟ್ಟು ಕಳಿಸಬಹುದು. ಶಸ್ತ್ರಚಿಕಿತ್ಸೆ ಸಾಗರದಲ್ಲಾಗಲಿ, ಕುಂದಾಪುರದಲ್ಲಾಗಲಿ, ರಿಸೆಪ್ಟರ್ ಪರೀಕ್ಷೆ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಆಗಬಹುದು.

ಈ ವಿದ್ಯೆ ಬೆಳೆಯುತ್ತಿದ್ದ ದಶಕಗಳಲ್ಲೇ ಅಮೆರಿಕದಲ್ಲಿ ಒಂದು ದೊಡ್ಡ ಅನ್ಯಾಯ ನಡೆದುಹೋಗಿತ್ತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ ಅಲ್ಲಿ 1942ರಿಂದ ಮಾರಾಟದಲ್ಲಿತ್ತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ಮುಟ್ಟು ನಿಲ್ಲುವುದೇ ಒಂದು ಕಾಯಿಲೆ, ಈಸ್ಟ್ರೋಜನ್ ತೆಗೆದುಕೊಂಡರೆ ಹೆಣ್ಣು ಸದಾ ಹೆಣ್ಣಾಗಿಯೇ ಇರುತ್ತಾಳೆ ಎಂದು ಪುಸ್ತಕ ಬರೆದ. ಲಕ್ಷಾಂತರ ಹೆಂಗಸರು ಮಾತ್ರೆ ನುಂಗಿದರು. ಜೊತೆಗೆ ಪ್ರೊಜೆಸ್ಟರಾನ್ ಇರಲಿಲ್ಲ. 1975ರ ಡಿಸೆಂಬರಿನಲ್ಲಿ ಒಂದೇ ವೈದ್ಯಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. ಡೊನಾಲ್ಡ್ ಸ್ಮಿತ್ ತಂಡದ ಪ್ರಕಾರ ಮಾತ್ರೆ ತಿಂದವರಿಗೆ ಗರ್ಭಕೋಶದ ಕ್ಯಾನ್ಸರ್ ಸಾಧ್ಯತೆ 4.5 ಪಟ್ಟು, ಹ್ಯಾರಿ ಝೀಲ್ ಮತ್ತು ವಿಲಿಯಂ ಫಿಂಕಲ್ ಪ್ರಕಾರ 7.6 ಪಟ್ಟು. ತಡೆಯಿಲ್ಲದೆ ಬೆಳೆಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಆ ಹೆಂಗಸರ ದೇಹಗಳೇ ಉತ್ತರ ಕೊಟ್ಟವು. ಒಳಪದರಕ್ಕೆ ಎರಡು ಹಾರ್ಮೋನ್ ಬೇಕೆಂದು 1929ರಲ್ಲೇ ತಿಳಿದಿತ್ತು. ತಿಳಿದದ್ದನ್ನು ಮರೆತು ಮಾಡಿದ ತಪ್ಪಾದ್ದರಿಂದ ಅದನ್ನು ಕ್ಷಮಿಸುವುದು ಕಷ್ಟ.

ನಮ್ಮ ಕಡೆಯ ಹೆಂಗಸರು ಆ ಮಾತ್ರೆ ಕಂಡವರಲ್ಲ. ಆದರೆ ಮಾತ್ರೆಯಿಲ್ಲದೆಯೂ ಅದೇ ಸ್ಥಿತಿ ಬರುತ್ತದೆ. ಅಂಡಾಶಯ ಸುಮ್ಮನಾದ ಮೇಲೂ ಮೈಯ ಕೊಬ್ಬು ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜನ್ ಆಗಿ ಬದಲಾಯಿಸುತ್ತ ಇರುತ್ತದೆ ಎಂದು ಪೆಂಟಿ ಸಿಟೆರಿ ಮತ್ತು ಪಾಲ್ ಮೆಕ್‌ಡೊನಾಲ್ಡ್ 1970ರ ದಶಕದಲ್ಲಿ ತೋರಿಸಿದರು. ಅಂಡಾಣು ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಬರುವುದೇ ಇಲ್ಲ. ಬೊಜ್ಜು, ಸಕ್ಕರೆ ಕಾಯಿಲೆ, ಅಂಡಾಣು ಬಿಡುಗಡೆ ಏರುಪೇರಾಗುವ ಪಿಸಿಒಡಿ ಇರುವವರಲ್ಲಿ ಈ ಕ್ಯಾನ್ಸರ್ ಹೆಚ್ಚು ಕಾಣುವುದು ಅದಕ್ಕೇ. ಲೆನಿನ್‌ಗ್ರಾಡ್‌ನ ಯಾನ್ ಬೋಖ್‌ಮನ್ 1983ರಲ್ಲಿ 366 ರೋಗಿಗಳನ್ನು ಇಟ್ಟುಕೊಂಡು ಈ ರೋಗ ಎರಡು ಬಗೆ ಎಂದರು. ಮೂರರಲ್ಲಿ ಎರಡು ಪಾಲು ಈಸ್ಟ್ರೋಜನ್ ಹೆಚ್ಚಾಗಿ ಬಂದವು: ದರ್ಜೆ ಕಡಿಮೆ, ಪ್ರೊಜೆಸ್ಟರಾನಿಗೆ ಬಗ್ಗುವಂಥವು. ಉಳಿದವು ಹಾರ್ಮೋನಿನ ಸಂಬಂಧವಿಲ್ಲದೆ ತೆಳ್ಳಗಿನ, ವಯಸ್ಸಾದ ಹೆಂಗಸರಲ್ಲೂ ಬರುವ, ಬೇಗ ಹರಡುವ ಬಗೆ. ವಿಂಗಡಣೆ ಚೊಕ್ಕವಾಗಿತ್ತು, ಮೂವತ್ತು ವರ್ಷ ನಡೆಯಿತು. ಅಷ್ಟು ಚೊಕ್ಕವಾಗಿರಲು ರೋಗ ಒಪ್ಪಲಿಲ್ಲ. 2013ರಲ್ಲಿ 373 ಗಡ್ಡೆಗಳ ವಂಶವಾಹಿಗಳನ್ನು ಓದಿದ ಅಮೆರಿಕದ ಯೋಜನೆ ನಾಲ್ಕು ಗುಂಪು ಕಂಡಿತು. ಪೋಲ್ ಎಂಬ ವಂಶವಾಹಿ ಕೆಟ್ಟ ಗುಂಪಿನಲ್ಲಿ ಗ್ರೇಡ್ 3ರ ಗಡ್ಡೆಗಳು ಬೇಕಾದಷ್ಟಿದ್ದವು, ಆದರೆ ಆ ಹೆಂಗಸರು ತುಂಬ ಚೆನ್ನಾಗಿ ಬದುಕಿದ್ದರು. ಪಿ53 ಎಂಬ ಇನ್ನೊಂದು ವಂಶವಾಹಿ ಕೆಟ್ಟವರ ಪಾಡು ಕಷ್ಟ. ಬರೀ ಚಹರೆ ನೋಡಿ ಹೇಳಿದ ಭವಿಷ್ಯ ಕೆಲವರ ಪಾಲಿಗೆ ಸುಳ್ಳಾಗುತ್ತಿತ್ತು ಎಂದಾಯಿತು. ಫಿಗೊ 2023ರಲ್ಲಿ ರೋಗದ ಹಂತ ಹೇಳುವಾಗಲೇ ಇವನ್ನೂ ಸೇರಿಸಿಕೊಂಡಿತು. ಪೋಲ್‌ಗೆ ಮಾತ್ರ ಬೇರೆ ಪರೀಕ್ಷೆ ಬೇಕು. ಪಿ53, ರಿಸೆಪ್ಟರ್ ಎರಡನ್ನೂ ಅದೇ ಮೇಣದ ಬ್ಲಾಕಿನಿಂದ, ಅದೇ ಬಣ್ಣದ ವಿಧಾನದಿಂದ ನೋಡಬಹುದು.

ಕರ್ನಾಟಕದ ಕ್ಯಾನ್ಸರ್ ಚರಿತ್ರೆಯಲ್ಲಿ ಈ ಒಳಪದರಕ್ಕೆ ಸಿಕ್ಕ ಜಾಗ ಚಿಕ್ಕದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ, ಸ್ವಾಯತ್ತವಾದದ್ದು 1980ರಲ್ಲಿ. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1982ರಿಂದ ಮುಂಬೈ, ಮದರಾಸು, ಬೆಂಗಳೂರುಗಳಲ್ಲಿ ಊರಿನ ಪ್ರತಿಯೊಂದು ಕ್ಯಾನ್ಸರನ್ನೂ ಎಣಿಸತೊಡಗಿದಾಗ ಬೆಂಗಳೂರಿನ ಲೆಕ್ಕ ಕಿದ್ವಾಯಿಯಲ್ಲೇ ನಡೆಯಿತು. ಆ ಕಾಲದ ದೊಡ್ಡ ಶತ್ರು ಗರ್ಭಕೋಶದ ಕೊರಳಿನ ಕ್ಯಾನ್ಸರ್. ಹಳ್ಳಿಗಳಿಂದ ಬರುತ್ತಿದ್ದ ಹೆಂಗಸರಲ್ಲಿ ಅದೇ ಹೆಚ್ಚು, ಬರುವ ಹೊತ್ತಿಗೆ ಬೆಳೆದಿರುತ್ತಿತ್ತು. ಶಿಬಿರ, ಪ್ಯಾಪ್ ಪರೀಕ್ಷೆ, ಜಾಗೃತಿ ಎಲ್ಲವೂ ಅದರ ಸುತ್ತ ಬೆಳೆದದ್ದು ಸರಿಯೇ. ಆದರೆ ಪ್ಯಾಪ್ ಪರೀಕ್ಷೆ ಕೊರಳಿನಿಂದ ತೆಗೆದ ಜೀವಕೋಶ ನೋಡುತ್ತದೆ, ಒಳಪದರದ ರೋಗವನ್ನು ನಂಬಬಹುದಾದಷ್ಟು ಖಚಿತವಾಗಿ ಹಿಡಿಯುವುದಿಲ್ಲ. ಪ್ಯಾಪ್ ಸರಿಯಿದೆ ಎಂದ ಮಾತಿಗೆ ಗರ್ಭಕೋಶವೆಲ್ಲ ಸರಿಯಿದೆ ಎಂದು ಎಷ್ಟೋ ಹೆಂಗಸರು ತಿಳಿದರು. ಕೊರಳಿನ ಕ್ಯಾನ್ಸರ್ ದಶಕದಿಂದ ದಶಕಕ್ಕೆ ಇಳಿದಿದೆ. ಒಳಪದರದ್ದು ಬೆಂಗಳೂರಿನ ನೋಂದಣಿಯಲ್ಲಿ ಏರುತ್ತಲೇ ಬಂದಿದೆ. ಊಟ, ಕೆಲಸ, ಮೈತೂಕ ಬದಲಾದ ಹಾಗೆ ಮಲೆನಾಡಿನಲ್ಲೂ ಅದು ಬೇರೆಯಾಗಿರಲು ಕಾರಣವಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ನಮ್ಮ ರಾಜ್ಯದಲ್ಲಿ ಗರ್ಭಕೋಶ ತೆಗೆಯುವುದು ಕಡಿಮೆಯೇನಲ್ಲ. ಬಿಳಿ ಹೋಗುತ್ತದೆ, ಹೊಟ್ಟೆನೋವು, ಮುಟ್ಟು ಜಾಸ್ತಿ ಎಂದ ಚಿಕ್ಕವಯಸ್ಸಿನವರಿಗೂ ತೆಗೆದುಬಿಟ್ಟ ದೂರುಗಳು 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಬಂದು ಹೆಂಗಸರು ಬೀದಿಗಿಳಿದರು. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಇದನ್ನು ತಡೆಯಲು ಮಾರ್ಗಸೂಚಿ ತಂದಿತು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದಿತು. ಬೇಡದ ಶಸ್ತ್ರಚಿಕಿತ್ಸೆಯ ಇನ್ನೊಂದು ಮಗ್ಗುಲು ಕಡಿಮೆ ಚರ್ಚೆಯಾಗಿದೆ. ತೆಗೆಯುವ ಮೊದಲು ಒಳಪದರದ ಚೂರು ಪರೀಕ್ಷಿಸದೆ, ತೆಗೆದ ಮೇಲೂ ಪ್ಯಾಥಾಲಜಿಗೆ ಕಳಿಸದೆ ಬಿಟ್ಟರೆ ಒಳಗೆ ಕ್ಯಾನ್ಸರ್ ಇತ್ತೇ ಎಂಬುದು ಯಾರಿಗೂ ತಿಳಿಯುವುದಿಲ್ಲ. ಮೇಲಿನ ನೂರು ವರ್ಷದ ವಿದ್ಯೆಯೆಲ್ಲ ಕಸದ ಬಕೆಟ್ಟಿನಲ್ಲಿ ಹೋಗುತ್ತದೆ.

ಚೂರನ್ನು ಸರಿಯಾಗಿ ಓದಿದರೆ ಗರ್ಭಕೋಶ ಉಳಿಯುವುದೂ ಉಂಟು. ಮಕ್ಕಳಾಗದ ಚಿಕ್ಕ ವಯಸ್ಸಿನವಳಿಗೆ ಗ್ರೇಡ್ 1ರ ಗಡ್ಡೆ ಒಳಪದರದಲ್ಲೇ ನಿಂತಿದೆ, ಸ್ನಾಯುವಿಗೆ ಇಳಿದಿಲ್ಲ ಎಂದು ಎಂಆರ್‌ಐಯಲ್ಲಿ ಖಾತ್ರಿಯಾದರೆ ಪ್ರೊಜೆಸ್ಟರಾನ್ ಗುಂಪಿನ ಮಾತ್ರೆ, ಇಲ್ಲವೇ ಆ ಹಾರ್ಮೋನ್ ಸೂಸುವ ವಂಕಿಯನ್ನು ಗರ್ಭಕೋಶದೊಳಗೆ ಇಟ್ಟು, ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ಚೂರು ತೆಗೆದು ನೋಡುತ್ತಾರೆ. ಎಲ್ಲರಿಗೂ ಫಲಿಸುವುದಿಲ್ಲ, ಮರಳಿ ಬರುವ ಭಯವೂ ಇದೆ, ಹೆರಿಗೆಗಳು ಮುಗಿದ ಮೇಲೆ ಗರ್ಭಕೋಶ ತೆಗೆಸಿಕೊಳ್ಳಿ ಎಂದೇ ಹೇಳುತ್ತಾರೆ. ಆದರೂ ಎಲ್ಲರೂ ಕೈಬಿಟ್ಟಿದ್ದ ರೋಗಿಗಳಲ್ಲಿ ಕೆಲ್ಲಿ ಮತ್ತು ಬೇಕರ್ 1961ರಲ್ಲಿ ಕಂಡದ್ದರಿಂದ ಇಂದು ಕೆಲವರ ತೊಡೆಯ ಮೇಲೆ ಮಗು ಆಡುತ್ತಿದೆ.

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ತೆರೆಯಿತು. ತುಮರಿಯಿಂದ ಸಾಗರದ ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ರಾತ್ರಿ ಹಗಲೆನ್ನದೆ ಹೋಗಬಹುದು. ಇತ್ತ ಕೊಲ್ಲೂರಿನ ಮೇಲೆ ಮಣಿಪಾಲದ ದಾರಿ ಮೊದಲಿಂದಲೂ ಇದೆ. ರೋಗಿ ಆಸ್ಪತ್ರೆ ತಲುಪುವುದು ಸುಲಭವಾಯಿತು. ಅವಳ ತುಂಡು ಪ್ರಯೋಗಾಲಯ ತಲುಪಿತೇ ಎಂಬುದನ್ನು ಮಾತ್ರ ಮನೆಯವರು ಕೇಳಿಯೇ ತಿಳಿಯಬೇಕು. ತೆಗೆದ ಗರ್ಭಕೋಶವನ್ನು ಎಲ್ಲಿಗೆ ಕಳಿಸಿದಿರಿ, ವರದಿಯಲ್ಲಿ ಗ್ರೇಡ್ ಎಷ್ಟು, ರಿಸೆಪ್ಟರ್ ನೋಡಿದ್ದಾರೆಯೇ, ಬ್ಲಾಕ್ ಯಾರ ಬಳಿ ಇದೆ? ಇಷ್ಟು ಕೇಳಲು ಓದು ಬೇಕಿಲ್ಲ, ಜೊತೆಗೆ ಹೋದ ಮಗನೋ ತಮ್ಮನೋ ಸಂಕೋಚ ಬಿಡಬೇಕು. ಬ್ಲಾಕುಗಳನ್ನು ಪ್ರಯೋಗಾಲಯಗಳು ವರ್ಷಗಟ್ಟಲೆ ಕಾಪಿಡುತ್ತವೆ. ಬೇರೆ ಆಸ್ಪತ್ರೆಯಲ್ಲಿ ಮತ್ತೊಮ್ಮೆ ನೋಡಿಸಬೇಕೆಂದರೆ ರೋಗಿಯ ಕಡೆಯವರು ಕೇಳಿ ಪಡೆಯಬಹುದು. ಎಷ್ಟೋ ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯಾದವಳಿಗೆ ಇಂದು ಶ್ವಾಸಕೋಶದಲ್ಲಿ ಉಂಡೆ ಕಂಡಿತು ಎನ್ನಿ. ಅಂದು ರಿಸೆಪ್ಟರ್ ನೋಡಿರದಿದ್ದರೂ ಹಳೆಯ ಬ್ಲಾಕ್ ಸಿಕ್ಕಿದರೆ ಅದರಿಂದ ಹೊಸದಾಗಿ ಒಂದು ಹಾಳೆ ಹೆರೆದು ಬಣ್ಣ ಹಾಕುತ್ತಾರೆ. ಕಂದು ಬಂದರೆ, ಕೀಮೋಗೆ ಮೈಯಲ್ಲಿ ಶಕ್ತಿ ಇಲ್ಲದ ವಯಸ್ಸಾದ ಹೆಂಗಸಿಗೂ ಮನೆಯಲ್ಲೇ ಕೂತು ನುಂಗುವ ಹಾರ್ಮೋನ್ ಮಾತ್ರೆಯ ದಾರಿ ಇದೆ.